ಒಂದೇ ಕಡೆ ಹತ್ತಾರು ಹಕ್ಕಿ ಸತ್ತು ಬಿದ್ದಿದ್ದರೆ ಮೊದಲು ಏನು ನೋಡಬೇಕು

ಕೆರೆ ದಂಡೆಯಲ್ಲೋ ಹೊಲದ ಬದುವಿನಲ್ಲೋ ಹತ್ತಿಪ್ಪತ್ತು ಹಕ್ಕಿ ಸತ್ತು ಬಿದ್ದಿದ್ದರೆ ಎದೆ ಧಸಕ್ ಅನ್ನುತ್ತದೆ. ಊರವರು ಮೊದಲು ಮಾಡುವುದು ಎಲ್ಲವನ್ನೂ ಗುಡ್ಡೆ ಹಾಕಿ ಸುಡುವುದು, ಇಲ್ಲ ಹೂಳುವುದು. ದಯವಿಟ್ಟು ಅಷ್ಟು ಅವಸರ ಮಾಡಬೇಡಿ. ಯಾಕೆ ಸತ್ತವು ಅನ್ನೋ ಸುಳಿವೆಲ್ಲ ಅಲ್ಲೇ ಬಿದ್ದಿರುತ್ತದೆ.

ಬರಿಗೈಲಿ ಮುಟ್ಟಬೇಡಿ. ಮಕ್ಕಳನ್ನೂ ನಾಯಿಗಳನ್ನೂ ದೂರ ಇಡಿ. ಫೋನಿನಲ್ಲಿ ಫೋಟೋ ತೆಗೆಯಿರಿ, ಎಷ್ಟಿವೆ ಅಂತ ಎಣಿಸಿ, ಯಾವ ಯಾವ ಜಾತಿ ಅಂತ ಬರೆದುಕೊಳ್ಳಿ. ಆಮೇಲೆ ಸುತ್ತಮುತ್ತ ನೋಡಿ.

ಹಿಂದಿನ ರಾತ್ರಿ ಗಾಳಿ, ಆಲಿಕಲ್ಲು ಇತ್ತಾ? ನಮ್ಮ ಶಿರಹಟ್ಟಿ ಕಡೆ ಮೇ ತಿಂಗಳಲ್ಲಿ ಒಮ್ಮೆ ಹುಣಸೆ ಮರದ ಕೆಳಗೆ ಬೆಳ್ಳಕ್ಕಿಗಳು ಹಾಸಿದಂಗೆ ಬಿದ್ದಿದ್ದವು. ಬೆಳಗಾಗುವಷ್ಟರಲ್ಲಿ ವಾಟ್ಸಾಪ್‌ನಲ್ಲಿ ಟವರ್ ರೇಡಿಯೇಷನ್ ಅಂತ ಶುರುವಾಯ್ತು, ಹಕ್ಕಿಜ್ವರ ಅಂತಲೂ ಹಬ್ಬಿತು. ಹತ್ತಿರ ಹೋಗಿ ನೋಡಿದರೆ ರೆಕ್ಕೆ ಮುರಿದಿದ್ದವು, ಮರದ ಕೊಂಬೆಗಳೂ ಮುರಿದಿದ್ದವು. ಆಲಿಕಲ್ಲಿನ ಸಾವು ಹಂಗೇ ಇರುತ್ತದೆ: ಒಂದೇ ರಾತ್ರಿ, ಮರುದಿನ ಹೊಸ ಸಾವಿಲ್ಲ. ಕರೆಂಟ್ ತಂತಿಯ ಕೆಳಗೆ ಸಾಲಾಗಿ ಬಿದ್ದಿದ್ದರೆ ಗರಿ, ಕಾಲು ಸುಟ್ಟಿವೆಯಾ ನೋಡಿ.

ವಿಷದ್ದು ಬೇರೆ ಥರ. ಬಿತ್ತನೆ ಹೊತ್ತಿನಲ್ಲಿ ಒಂದೇ ಹೊಲದ ಸುತ್ತ ನವಿಲು, ಬೆಳವ, ಪಾರಿವಾಳ ಬಿದ್ದಿದ್ದರೆ ಮೊದಲು ಬೀಜದ ಮೇಲೆ ಅನುಮಾನ ಪಡಿ. ಔಷಧ ಹಚ್ಚಿದ ಗೋವಿನಜೋಳದ ಬೀಜಕ್ಕೆ ಬಣ್ಣ ಇರುತ್ತದೆ, ಮಣ್ಣಿನ ಮೇಲೆ ಚೆಲ್ಲಿದ್ದರೆ ಕಣ್ಣಿಗೆ ಬೀಳುತ್ತದೆ. ಸತ್ತ ಹಕ್ಕಿಯನ್ನು ತಿಂದ ನಾಯಿ, ಕಾಗೆಯೂ ಸಾಯುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ರೈತರೇ ಬೇಕಂತ ಹಾಕಿದ್ದಾರೆ ಅಂತ ಮಾತ್ರ ಮೊದಲೇ ತೀರ್ಮಾನ ಮಾಡಬೇಡಿ, ಎಷ್ಟೋ ಸಲ ಅದು ಬಿತ್ತುವಾಗ ಮೇಲೇ ಉಳಿದ ಬೀಜ ಅಷ್ಟೇ.

ಕೆರೆಯದ್ದು ಸ್ವಲ್ಪ ಗೋಜಲು. ನೀರು ಇಳಿದು ಬೆಚ್ಚಗಾದಾಗ, ಕೊಳೆತ ಕೆಸರಿನಲ್ಲಿ ಬಾಟುಲಿಸಂ ಅನ್ನೋ ಕಾಯಿಲೆಯ ಬ್ಯಾಕ್ಟೀರಿಯಾ ವಿಷ ತಯಾರಿಸುತ್ತದೆ. ಅದು ತಗುಲಿದ ಹಕ್ಕಿಯ ಕಾಲು, ರೆಕ್ಕೆ, ಕುತ್ತಿಗೆ ಒಂದೊಂದಾಗಿ ಸೋಲುತ್ತವೆ, ತಲೆ ಎತ್ತಲಾಗದೆ ನೀರಲ್ಲೇ ಮುಳುಗುತ್ತದೆ. ಸತ್ತ ಹಕ್ಕಿಯ ಹುಳುಗಳಲ್ಲೂ ಆ ವಿಷ ಇರುತ್ತದೆ, ಅವನ್ನು ತಿಂದ ಇನ್ನೊಂದು ಹಕ್ಕಿಯೂ ಹೋಗುತ್ತದೆ. 2019ರಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ಹಕ್ಕಿಗಳು ಸತ್ತದ್ದು ಇದರಿಂದಲೇ. ಹಂಗಾಗಿ ಕೆರೆಯಲ್ಲಿ ಮಾತ್ರ ಅಧಿಕಾರಿಗಳು ನೋಡಿದ ಕೂಡಲೇ ಹೆಣ ತೆಗೆಯೋದು ತುಂಬಾ ಮುಖ್ಯ, ತಡ ಆದಷ್ಟೂ ಸಾವು ಜಾಸ್ತಿ.

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆ ತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಕೆರೆ-ಜೌಗುಗಳ ಪಟ್ಟಿಗೂ ಸೇರಿತು. ಹಗಲು ಕೆರೆಯಲ್ಲಿ ಕಾಣೋ ಈ ಹೆಬ್ಬಾತುಗಳು ಮೇಯೋದು ಸುತ್ತಲಿನ ಹೊಲಗಳಲ್ಲಿ. ಅಂದರೆ ಹೆಣ ಕೆರೆಯಲ್ಲಿ ಸಿಕ್ಕರೂ ವಿಷ ತಿಂದದ್ದು ಹೊಲದಲ್ಲಿ ಇರಬಹುದು. ಬರೀ ಕೆರೆ ನೀರು ಪರೀಕ್ಷೆ ಮಾಡಿಸಿ ಸುಮ್ನಾಗಬೇಡಿ.

ಇನ್ನು ಹಕ್ಕಿಜ್ವರ. ಬಾತು, ಕಾಗೆ ಸಾಯುವಾಗಲೇ ಮನೆ ಕೋಳಿಗಳೂ ಸಾಯುತ್ತಿದ್ದರೆ ಗಂಭೀರವಾಗಿ ತಗೊಳ್ಳಿ. ಆದರೆ ಕೋಳಿಯ ಕುತ್ತಿಗೆ ತಿರುಚೋದು ಕೋಳಿಗಳಿಗೆ ಬರೋ ಕೊಕ್ಕರೆ ರೋಗದಲ್ಲೂ (ರಾಣಿಖೇತ್) ಇದೆ. ಕಣ್ಣಳತೆಯಲ್ಲಿ ಹೇಳೋಕಾಗಲ್ಲ, ಲ್ಯಾಬೇ ಹೇಳಬೇಕು. ಹಕ್ಕಿಜ್ವರ ಹೌದು ಅಂತ ಖಚಿತ ಮಾಡೋದು ಭೋಪಾಲಿನಲ್ಲಿರೋ ಕೇಂದ್ರದ ಪಶುರೋಗ ಪ್ರಯೋಗಾಲಯ.

ಈಗ ಫೋನ್. ತಾಲ್ಲೂಕಿನ ಪಶು ಆಸ್ಪತ್ರೆಗೂ ಅರಣ್ಯ ಇಲಾಖೆಗೂ ಎರಡೂ ಕಡೆ ಮಾಡಿ. ಪಶು ಸಹಾಯವಾಣಿ 1962, ಅರಣ್ಯದ್ದು 1926. ಒಂದು ಕಡೆಯವರು ಇನ್ನೊಬ್ಬರಿಗೆ ಹೇಳಿ ಅಂತ ತಳ್ಳಿದರೂ ಬಿಡಬೇಡಿ, ಫೋಟೋ ಕಳಿಸಿ. ಅವರು ಬರೋಕೆ ತಡ ಆಗುತ್ತೆ ಅಂದರೆ ಸ್ಯಾಂಪಲ್ ಎತ್ತಿಡಬೇಕಾ ಅಂತ ಪಶುವೈದ್ಯರನ್ನೇ ಕೇಳಿ. ಹೂಂ ಅಂದರೆ ಮಾತ್ರ ಹೊಸದಾಗಿ ಸತ್ತ ಒಂದೆರಡನ್ನು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಎರಡು ಚೀಲದಲ್ಲಿ ಕಟ್ಟಿ ಐಸ್ ಜೊತೆ ಡಬ್ಬಿಯಲ್ಲಿಡಿ. ಮನೆ ಫ್ರಿಜ್‌ನಲ್ಲಿ ಬೇಡ. ಕೊಳೆತದ್ದು ಪರೀಕ್ಷೆಗೆ ಉಪಯೋಗಕ್ಕೆ ಬರಲ್ಲ. ಇನ್ನೂ ಉಸಿರಾಡುತ್ತಿರೋ ಹಕ್ಕಿ ಇದ್ದರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ನೆರಳಿಗಿಡಿ, ಬಾಯಿಗೆ ನೀರು ಸುರಿಯಬೇಡಿ, ಅದು ಶ್ವಾಸಕ್ಕೆ ಹೋಗುತ್ತದೆ. ಕೊನೆಗೆ ಸಾಬೂನು ಹಚ್ಚಿ ಕೈ ತೊಳೀರಿ, ಚಪ್ಪಲಿಯನ್ನೂ ತೊಳೆದೇ ಕೋಳಿ ಗೂಡಿನ ಕಡೆ ಹೋಗಿ.