ಮಳೆಗಾಲದ ಪಿಕಪ್ ಕ್ಯಾಂಪರಿಗೆ ಜನರೇಟರ್: ನನ್ನ ಅನುಭವ

ಆರಿದ್ರಾ ಹಿಡಿದ ಮೇಲೆ ಆಶ್ಲೇಷ ಬಿಡುವ ತನಕ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದೊಳಗೆ ಸೋಲಾರ್ ನಂಬಿ ಬ್ಯಾಟರಿ ತುಂಬಿಸಲು ಆಗುವುದಿಲ್ಲ. ಮುನ್ನೂರು ವ್ಯಾಟಿನ ಪ್ಯಾನೆಲ್ಲನ್ನು ಕ್ಯಾಂಪರಿನ (ಪಿಕಪ್ಪಿನ ಹಿಂದೆ ಕೂರುವ, ಮಲಗಿ ಉಳಿಯುವ ಗೂಡಿನ) ನೆತ್ತಿಗೆ ಕೂರಿಸಿ, ಕಂಟ್ರೋಲರ್, ವೈರಿಂಗ್ ಎಲ್ಲ ಸೇರಿ ಮೂವತ್ತು ಸಾವಿರಕ್ಕೂ ಮೇಲೆ ಸುರಿದವನ ಮಾತು ಇದು. ಮೇಲೆ ಮೋಡ, ಮೋಡದ ಕೆಳಗೆ ಸಿಲ್ವರ್ ಓಕು, ಅದರ ಕೆಳಗೆ ಅತ್ತಿ, ಬಸರಿ. ನಡುಮಧ್ಯಾಹ್ನ ಎರಡು ಆಂಪಿಯರ್ ಬಂದರೆ ಅದೇ ಹೆಚ್ಚು. ಬಯಲುಸೀಮೆಯ ಗೆಳೆಯರು ಕಡೂರು, ಅರಸೀಕೆರೆಯ ಬಿಸಿಲಲ್ಲಿ ನಿಂತು ಸೋಲಾರ್ ಸಾಕು ಎನ್ನುತ್ತಾರೆ. ಅವರಿಗೆ ಸಾಕು. ಹಾನುಬಾಳಿಗೆ ಸಾಲುವುದಿಲ್ಲ.

ಹಾನುಬಾಳು ಕಡೆ ನಮ್ಮದು ಸ್ವಲ್ಪ ತೋಟವಿದೆ, ಅಲ್ಲಿ ಮನೆಯಿಲ್ಲ. ಮೆಣಸಿಗೆ ಬೋರ್ಡೋ ದ್ರಾವಣ ಹೊಡೆಸುವಾಗ, ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ನಡೆಯುವಾಗ, ಗೊಬ್ಬರ ಹಾಕುವಾಗ ದಿನಗಟ್ಟಲೆ ಅಲ್ಲೇ ಇರಬೇಕು. ಅದಕ್ಕೆಂದೇ ಡಬಲ್ ಕ್ಯಾಬ್ ಪಿಕಪ್ಪಿನ ಹಿಂದೆ ಕಳಚಿ ಇಳಿಸಬಹುದಾದ ಕ್ಯಾಂಪರ್ ಮಾಡಿಸಿದ್ದು. ಕೆಲಸವಿಲ್ಲದ ದಿನ ಅದರಲ್ಲೇ ನಾನೂ ನನ್ನ ಹೆಂಡತಿಯೂ ಗೆಳೆಯರ ತೋಟಗಳಿಗೆ ಹೋಗಿ ಉಳಿಯುತ್ತೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಭದ್ರಾ ಹುಲಿ ಮೀಸಲು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಗಾಡಿ ನಿಲ್ಲಿಸಿ ಮಲಗುವ ಯೋಚನೆಯೇ ಬೇಡ. ನಾನು ಬರೆಯುತ್ತಿರುವುದೆಲ್ಲ ಖಾಸಗಿ ತೋಟದಲ್ಲಿ, ಮಾಲೀಕರ ಒಪ್ಪಿಗೆಯಿಂದ ಉಳಿಯುವವರಿಗೆ.

ಜನರೇಟರ್ ಎಂದಾಗ ಎಲ್ಲರೂ ಬೇಡವೆಂದರು. "ತೇರಿನ ಐಸ್‌ಕ್ರೀಮ್ ಗಾಡಿ ಥರ ಗಡಗಡ ಅನ್ನಿಸ್ಕೊಂಡು ಮಲಗ್ತೀಯೇನಣ್ಣ?" ಎಂದ ನನ್ನ ಚಿಕ್ಕಪ್ಪನ ಮಗ. ಓಡುವ ಗಾಡಿಯ ಆಲ್ಟರ್ನೇಟರಿನಿಂದಲೇ ತುಂಬಿಸು ಎಂದರು ಕೆಲವರು. ಅದನ್ನೂ ಮಾಡಿ ನೋಡಿದೆ. ಇಪ್ಪತ್ತು ಆಂಪಿಯರಿನ ಡಿಸಿ ಚಾರ್ಜರ್ ಹಾಕಿಸಿದೆ, ಈಗಲೂ ಇದೆ, ಒಳ್ಳೆಯದೇ. ಆದರೆ ಬೇಲೂರಿನಿಂದ ಸಕಲೇಶಪುರಕ್ಕೆ ಒಂದು ಗಂಟೆಯ ದಾರಿ. ಆ ಒಂದು ಗಂಟೆಗೆ ಸಿಗುವುದು ಇಪ್ಪತ್ತು ಆಂಪಿಯರ್-ಅವರ್ (ಎಎಚ್) ಮಾತ್ರ. ತೋಟದಲ್ಲಿ ನಾಲ್ಕು ದಿನ ಗಾಡಿ ಅಲುಗದೆ ನಿಂತರೆ ಅದೂ ಇಲ್ಲ. ಡೀಸೆಲ್ ಇಂಜಿನ್ನನ್ನು ಸುಮ್ಮನೆ ಐಡ್ಲಿಂಗ್ ಬಿಟ್ಟು ಬ್ಯಾಟರಿ ತುಂಬಿಸುವುದು ದುಡ್ಡಿಗೂ ದಂಡ, ಇಂಜಿನ್ನಿಗೂ ದಂಡ.

ಮೊದಲು ತಂದದ್ದು ಕವಚವಿಲ್ಲದ, ಓಪನ್ ಫ್ರೇಮಿನ ಎರಡೂವರೆ ಕೆವಿಎ ಜನರೇಟರ್, ಇಪ್ಪತ್ತೆರಡು ಸಾವಿರದ ಆಸುಪಾಸು. ತೂಕ ನಲವತ್ತು ಕೆಜಿ ದಾಟುತ್ತಿತ್ತು. ಲೋಡ್ ಏರಿಳಿದಂತೆ ವೋಲ್ಟೇಜೂ ಏರಿಳಿದು ಬ್ಯಾಟರಿ ಚಾರ್ಜರ್ ತಾನಾಗಿ ಆಫ್ ಆಗುತ್ತಿತ್ತು. ಸದ್ದಂತೂ ಕಣಿವೆಯ ಆಚೆ ಆಳುಗಳ ಲೈನ್ ಮನೆಗಳಿಗೂ ಕೇಳುತ್ತಿತ್ತು. ಹದಿನಾಲ್ಕಕ್ಕೆ ಮಾರಿದೆ. ಆಮೇಲೆ ಬೆಂಗಳೂರಿನಿಂದ ಲೋಡ್ ಏರಿಳಿದರೂ ವೋಲ್ಟೇಜನ್ನು ಸ್ಥಿರವಾಗಿಡುವ ಎರಡು ಕೆವಿಎಯ ಇನ್ವರ್ಟರ್ ಜನರೇಟರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಐವತ್ತು ಸಾವಿರದ ಒಳಗೆ ಹೊಂದಿಸಿದೆ. ತೂಕ ಇಪ್ಪತ್ತೊಂದು ಕೆಜಿ, ನಿರಂತರ ಲೋಡು ಸಾವಿರದ ಆರುನೂರು ವ್ಯಾಟ್. ಕೊಳ್ಳುವಾಗ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ, ತುಂಬು ಲೋಡಿನಲ್ಲಿ ಅರ್ಧ ಗಂಟೆ ಓಡಿಸಿಯೇ ದುಡ್ಡು ಕೊಟ್ಟೆ.

ಇನ್ವರ್ಟರ್ ಜನರೇಟರ್ ಬಂದ ಮೇಲೂ ಮೊದಲ ಮಳೆಗಾಲ ನೆಮ್ಮದಿ ಸಿಗಲಿಲ್ಲ. ಕಾರಣ ಜನರೇಟರ್ ಅಲ್ಲ, ಬ್ಯಾಟರಿ. ಮನೆಯ ಯುಪಿಎಸ್ಸಿನ ಟ್ಯೂಬುಲರ್ ಬ್ಯಾಟರಿಯನ್ನೇ ಕ್ಯಾಂಪರಿಗೆ ಇಟ್ಟಿದ್ದೆ. ಅದು ಶುರುವಿನಲ್ಲಿ ಕರೆಂಟ್ ಎಳೆಯುತ್ತದೆ, ಮುಕ್ಕಾಲು ತುಂಬಿದ ಮೇಲೆ ಹನಿಹನಿಯಾಗಿ ಕುಡಿಯುತ್ತದೆ. ಐದಾರು ಗಂಟೆ ಇಂಜಿನ್ ಓಡಿಸಬೇಕು, ಅದೂ ಕಾಲು ಲೋಡಿನಲ್ಲಿ. ಪೆಟ್ರೋಲ್ ದಂಡ, ಪ್ಲಗ್ ಕಪ್ಪು, ನೆರೆಯವರ ಮುಖವೂ ಕಪ್ಪು. ನೂರೈವತ್ತು ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಐವತ್ತು ಆಂಪಿಯರಿನ ಚಾರ್ಜರ್ ಹಾಕಿದ ದಿನವೇ ಲೆಕ್ಕ ತಿರುಗಿತು. ಈ ಬ್ಯಾಟರಿ ಬಹುಮಟ್ಟಿಗೆ ತುಂಬುವವರೆಗೂ ಕೊಟ್ಟಷ್ಟು ಆಂಪಿಯರನ್ನು ತೆಗೆದುಕೊಳ್ಳುತ್ತದೆ. ಐದಾರು ಗಂಟೆಯ ಕೆಲಸ ಒಂದೂವರೆ ಗಂಟೆಗೆ ಇಳಿಯಿತು. ಜನರೇಟರನ್ನು ಬೈಯುವವರಲ್ಲಿ ಹೆಚ್ಚಿನವರು ಬೈಯಬೇಕಾದದ್ದು ತಮ್ಮ ಬ್ಯಾಟರಿಯನ್ನು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗಿನ ಕ್ರಮ ಹೀಗೆ. ಬೆಳಿಗ್ಗೆ ಏಳರ ಮೇಲೆ, ಆಳುಗಳು ಕೆಲಸಕ್ಕೆ ಇಳಿಯುವ ಹೊತ್ತಿಗೆ ಸ್ಟಾರ್ಟ್. ಮೊದಲ ನಲವತ್ತು ನಿಮಿಷ ಸಾವಿರ ವ್ಯಾಟಿನ ಕಾಯಿಲ್ ಬಕೆಟ್ಟಿನಲ್ಲಿರುತ್ತದೆ, ಜೊತೆಗೆ ಚಾರ್ಜರ್ ಇಪ್ಪತ್ತೈದು ಆಂಪಿಯರಿನಲ್ಲಿ. ಒಂದು ಬಕೆಟ್ ನೀರು ಸ್ನಾನಕ್ಕೆ ಸರಿಯಾಗಿ ಕಾಯುತ್ತದೆ. ಕಾಯಿಲ್ ತೆಗೆದ ಮೇಲೆ ಚಾರ್ಜರನ್ನು ಐವತ್ತಕ್ಕೆ ಏರಿಸುತ್ತೇನೆ. ಅದೇ ಹೊತ್ತಿಗೆ ಚಟ್ನಿಗೆ ಮಿಕ್ಸಿಯೂ ತಿರುಗುತ್ತದೆ. ಎಂಟೂವರೆಗೆ ಆಫ್. ಅಷ್ಟರಲ್ಲಿ ಅರವತ್ತು ಎಎಚ್ ಹತ್ತಿರ ಒಳಗೆ ಹೋಗಿರುತ್ತದೆ. ಹನ್ನೆರಡು ವೋಲ್ಟಿನ ಫ್ರಿಜ್ಜು, ದೀಪ, ನೀರಿನ ಪಂಪು, ಲ್ಯಾಪ್‌ಟಾಪು, ಫೋನುಗಳಿಗೆ ಮರುದಿನ ಬೆಳಗಿನವರೆಗೆ ಸಾಕು. ಮಲೆನಾಡಿನ ಚಳಿಗೆ ಫ್ರಿಜ್ಜೂ ಹೆಚ್ಚು ದುಡಿಯುವುದಿಲ್ಲ. ಖರ್ಚಾಗುವ ಪೆಟ್ರೋಲ್ ಒಂದು ಲೀಟರಿಗಿಂತ ಸ್ವಲ್ಪ ಮೇಲೆ, ನೂರಿಪ್ಪತ್ತು ನೂರಮೂವತ್ತು ರೂಪಾಯಿ. ಸಂಜೆ ಆರರ ನಂತರ ನನ್ನ ಜನರೇಟರಿನ ಸದ್ದು ಯಾರೂ ಕೇಳಿಲ್ಲ.

ಎತ್ತರದ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಪ್ರತಿ ಮುನ್ನೂರು ಮೀಟರಿಗೆ ಇಂಜಿನ್ನಿನ ಶಕ್ತಿ ಶೇಕಡ ಮೂರೂವರೆಯಷ್ಟು ಕುಸಿಯುತ್ತದೆ. ಮುಳ್ಳಯ್ಯನಗಿರಿ ಸಾಲಿನ ಮೇಲಿನ ತೋಟಗಳಲ್ಲಿ ಗೆಳೆಯರೊಬ್ಬರ ಕಣದಲ್ಲಿ ಉಳಿದಾಗ, ಕೆಳಗಿನ ಊರುಗಳಲ್ಲಿ ಆರಾಮಾಗಿ ನಡೆಯುತ್ತಿದ್ದ ಸಾವಿರದ ಐನೂರು ವ್ಯಾಟಿನ ಕೆಟಲ್ಲಿಗೆ ಓವರ್‌ಲೋಡ್ ದೀಪ ಉರಿಯಿತು. ಸಾವಿರದ ಆರುನೂರರ ಯಂತ್ರ ಅಲ್ಲಿ ಸಾವಿರದ ಮುನ್ನೂರು ಚಿಲ್ಲರೆಯ ಯಂತ್ರ. ಹೊಗೆಯೂ ಕಪ್ಪಾಗುತ್ತದೆ, ಏಕೆಂದರೆ ಗಾಳಿ ತೆಳುವಾಗಿ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ. ಮೇಲೆಯೇ ವಾಸವಿರುವವರು ಕಾರ್ಬುರೇಟರಿಗೆ ಸಣ್ಣ ಮೇನ್ ಜೆಟ್ (ಪೆಟ್ರೋಲ್ ಹರಿಯುವ ತೂತಿನ ಬಿಡಿಭಾಗ) ಹಾಕಿಸಿಕೊಳ್ಳಬಹುದು. ಹತ್ತಿ ಇಳಿಯುವ ನನ್ನಂಥವರಿಗೆ ಅದು ಬೇಡ, ಲೋಡ್ ಇಳಿಸಿದರೆ ಆಯಿತು. ಮೇಲೆ ಹೇಳಿದ ಕಾಯಿಲ್, ಚಾರ್ಜರಿನ ಹಂಚಿಕೆ ಆ ಎತ್ತರಕ್ಕೂ ಒಗ್ಗುವಂತೆ ಕೂರಿಸಿದ್ದು.

ಇನ್ನು ಹೊತ್ತೊಯ್ಯುವ ವಿಷಯ. ನನ್ನ ಹೆಚ್ಚಿನ ದುಡ್ಡು ಹೋದದ್ದು ಇಲ್ಲೇ.

ಕ್ಯಾಂಪರಿನ ಒಳಗೆ ಇಟ್ಟರೆ ಹಾಸಿಗೆಗೆಲ್ಲ ಪೆಟ್ರೋಲ್ ವಾಸನೆ, ಅಪಾಯವೂ ಹೌದು. ನೆತ್ತಿಯ ಮೇಲೆ ಕ್ಯಾರಿಯರ್ ಮಾಡಿಸಿದೆ, ಆರು ಸಾವಿರ. ಮಳೆಯಲ್ಲಿ ಏಣಿ ಹತ್ತಿ ಇಪ್ಪತ್ತೊಂದು ಕೆಜಿ ಇಳಿಸಲು ಇಬ್ಬರು ಬೇಕು, ಹೆಚ್ಚು ವಾಲಿದರೆ ಆಯಿಲ್ ಏರ್ ಫಿಲ್ಟರಿಗೆ ನುಗ್ಗುತ್ತದೆ. ಮುಂದಿನ ಬಂಪರಿನ ಮೇಲೆ ಇಟ್ಟರೆ ರೇಡಿಯೇಟರಿಗೆ ಗಾಳಿ ತಡೆ, ಶಿರಾಡಿ ಹತ್ತುವಾಗ ಟೆಂಪರೇಚರ್ ಮುಳ್ಳು ಏರತೊಡಗಿತು. ಹಿಂದೆ, ಬಾಲಕ್ಕೆ ಟ್ರೇ ತೂಗುಹಾಕಿಸಿದ್ದು ನೋಡಲು ಚೆನ್ನಾಗಿತ್ತು. ಆದರೆ ತೋಟದ ರಸ್ತೆಯ ಮೋರಿ ಇಳಿದು ಹತ್ತುವಾಗ ಟ್ರೇಯ ಮೂಲೆ ನೆಲಕ್ಕೆ ಬಡಿದು ಬಗ್ಗಿತು. ಹಿಂದಿನ ಚಕ್ರದಿಂದ ಅಷ್ಟು ಆಚೆ ತೂಗುವ ಭಾರಕ್ಕೆ ಗಾಡಿಯ ಮೂತಿಯೂ ಹಗುರಾಗುತ್ತದೆ.

ಕೊನೆಗೆ ನಿಂತದ್ದು ಪಕ್ಕದ ಡ್ರಾಯರು. ಗಾಡಿಯ ಸೈಲೆನ್ಸರ್ ಇಲ್ಲದ ಬದಿಯಲ್ಲಿ, ಹಿಂದಿನ ಚಕ್ರದ ಹಿಂಭಾಗಕ್ಕೆ, ಕ್ಯಾಂಪರಿನ ತಳಕ್ಕಿಂತ ಕೆಳಗೆ ಒಂದು ಪೆಟ್ಟಿಗೆ. ಒಂದಿಂಚಿನ ಸ್ಕ್ವೇರ್ ಪೈಪಿನ ಚೌಕಟ್ಟು, ಚಕ್ರದ ಕಡೆಗೆ ದಪ್ಪ ಶೀಟು, ಅದರ ಮುಂದೆ ಮಡ್ ಫ್ಲಾಪ್. ಚಕ್ರ ಎಸೆಯುವ ಕಲ್ಲು ಗುಂಡಿನಂತೆ ಬಡಿಯುತ್ತದೆ. ಪೆಟ್ಟಿಗೆಯ ತಳಕ್ಕೆ ಸಾಲು ತೂತುಗಳು ಕಡ್ಡಾಯ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಕ್ಕೇ ಹರಿದುಹೋಗಬೇಕು. ಜನರೇಟರ್ ಕೂತ ಹಲಗೆ ಹೆವಿ ಡ್ಯೂಟಿ ಟೆಲಿಸ್ಕೋಪಿಕ್ ಚಾನೆಲ್ಲಿನ ಮೇಲೆ ಹೊರಕ್ಕೆ ಜಾರುತ್ತದೆ. ಅಡುಗೆಮನೆಯ ಡ್ರಾಯರಿನ ಚಾನೆಲ್ ಮೊದಲ ಘಾಟಿಯಲ್ಲೇ ಬಾಲ್ ಉದುರಿಸಿತು, ಅದನ್ನು ಹಾಕಿಸಲೇಬೇಡಿ. ಸಕಲೇಶಪುರದ ವೆಲ್ಡಿಂಗ್ ಮೇಸ್ತ್ರಿ "ಇದು ನಿಲ್ಲಲ್ಲ ಸಾರ್, ಮೂರು ತಿಂಗ್ಳಲ್ಲಿ ವಾಪಸ್ ತರ್ತೀರಿ" ಎಂದಿದ್ದರು. ಎರಡು ಮಳೆಗಾಲ ದಾಟಿದೆ, ಒಂದು ಬೆಸುಗೆಯೂ ಬಿಟ್ಟಿಲ್ಲ. ಪೆಟ್ಟಿಗೆ, ಚಾನೆಲ್ಲು, ಬೀಗ, ಪೇಂಟು ಎಲ್ಲ ಸೇರಿ ಹದಿಮೂರು ಸಾವಿರದಷ್ಟು. ಓಡುವಾಗ ಹಲಗೆ ಗಲಗಲ ಎನ್ನದಂತೆ ಹಿಡಿಯುವ ಬೀಗವನ್ನು ನಾನೇ ಯೋಚಿಸಿ ಮಾಡಿಸಿದ್ದು. ಅದರ ವಿನ್ಯಾಸವನ್ನು ಸದ್ಯ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ, ಗಾಡಿ ತಂದವರಿಗೆ ತೋರಿಸುತ್ತೇನೆ.

ಘಾಟಿ ಹತ್ತುವವರಿಗೆ ಇನ್ನೊಂದು ಮಾತು. ಉಜಿರೆಯಿಂದ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರಕ್ಕೆ ಬರುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಇಳಿದಿರುತ್ತದೆ, ಮುಚ್ಚಿದ ಟ್ಯಾಂಕಿನೊಳಗಿನ ಒತ್ತಡ ಹಾಗೇ ಇರುತ್ತದೆ. ಟ್ಯಾಂಕ್ ಕತ್ತಿನವರೆಗೆ ತುಂಬಿದ್ದರೆ ಪೆಟ್ರೋಲ್ ಎಲ್ಲಿ ಸಂದು ಸಿಕ್ಕರೂ ಜಿನುಗುತ್ತದೆ. ಮುಕ್ಕಾಲು ಟ್ಯಾಂಕಿಗಿಂತ ಹೆಚ್ಚು ತುಂಬಿಸಿ ಘಾಟಿ ಹತ್ತುವುದಿಲ್ಲ. ಇಂಜಿನ್ ತಣ್ಣಗಾದ ಮೇಲೆ ಮುಚ್ಚಳದ ಗಾಳಿಯ ಕೀಲಿ, ಪೆಟ್ರೋಲ್ ಕಾಕ್ ಎರಡನ್ನೂ ಬಂದ್ ಮಾಡಿಯೇ ಪೆಟ್ಟಿಗೆಗೆ ತಳ್ಳುತ್ತೇನೆ. ಮೇಲೆ ತಲುಪಿದಾಗ ಮುಚ್ಚಳವನ್ನು ನಿಧಾನ ತಿರುಗಿಸಿ, ಉಸ್ಸೆನ್ನುವ ಗಾಳಿ ಹೋದ ಮೇಲೆ ಸ್ಟಾರ್ಟ್ ಮಾಡುತ್ತೇನೆ.

ಡ್ರಾಯರು ಹೊತ್ತೊಯ್ಯಲು ಮಾತ್ರ, ಅದರಲ್ಲಿಟ್ಟು ಓಡಿಸಲು ಅಲ್ಲ. ಇದರಲ್ಲಿ ನನಗೆ ಯಾರೊಡನೆಯೂ ರಾಜಿಯಿಲ್ಲ. ಸೊಂಟಕ್ಕಿಂತ ಕೆಳಗಿನ ಎತ್ತರದಿಂದ ಒಬ್ಬನೇ ಎತ್ತಿ, ಇಪ್ಪತ್ತು ಅಡಿಗೂ ಆಚೆ ಇಟ್ಟು, ಹೊಗೆಯ ಕೊಳವೆಯನ್ನು ಕ್ಯಾಂಪರಿನಿಂದ ಆಚೆಗೆ ತಿರುಗಿಸುತ್ತೇನೆ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲೆನಾಡಿನಲ್ಲಿ ಗಾಳಿ ಆಡದೆ ಮಂಜು ಕೂತ ಬೆಳಗು ಬಹಳ. ಅಂಥ ಒಂದು ಬೆಳಗು ಹದಿನೈದಡಿ ದೂರದಲ್ಲಿದ್ದ ಜನರೇಟರಿಗೆ ಕ್ಯಾಂಪರಿನೊಳಗಿನ ಅಲಾರಂ ಕೂಗಿತು. ಕಿಟಕಿ ಒಂದಂಗುಲ ತೆರೆದಿತ್ತು, ಅಷ್ಟೇ. ಎರಡು ಸಾವಿರ ಚಿಲ್ಲರೆಯ ಆ ಅಲಾರಂ ಇಲ್ಲದೆ ಯಾರೂ ಕ್ಯಾಂಪರಿನ ಬಳಿ ಜನರೇಟರ್ ಓಡಿಸಬಾರದು. ರಾತ್ರಿ ಮಲಗಿದ ಮೇಲಂತೂ ಎಷ್ಟು ದೂರದಲ್ಲಿದ್ದರೂ ಬೇಡ.

ಮಳೆಗೆ ಟಾರ್ಪಾಲು ಸುತ್ತಿದರೆ ಬಿಸಿಯಾಗಿ ನಿಲ್ಲುತ್ತದೆ. ಅಲ್ಯೂಮಿನಿಯಂ ಶೀಟಿನ ಒಂದು ಮಾಡು, ನಾಲ್ಕು ಮಡಚುವ ಕಾಲು, ಜನರೇಟರಿನ ಮೇಲೆ ಒಂದೂವರೆ ಅಡಿ ಜಾಗ, ನಾಲ್ಕೂ ಬದಿ ಬಯಲು. ಕೆಳಗೆ ತೆಂಗಿನ ನಾರಿನ ಮ್ಯಾಟ್ ಹಾಸಿದರೆ ಕೆಸರು ಹಾರುವುದಿಲ್ಲ, ಸದ್ದೂ ಒಂದು ಹಿಡಿ ಕಡಿಮೆ. ಕೇಬಲ್ ಎರಡೂವರೆ ಸ್ಕ್ವೇರ್ ಎಂಎಂನ ಮೂರು ಕೋರಿನದು, ಹತ್ತು ಮೀಟರು, ಜಾಯಿಂಟ್ ಇಲ್ಲದ್ದು. ಆಲೂರು, ಬೇಲೂರು, ಸಕಲೇಶಪುರ ಭಾಗದವರಿಗೆ ಗೊತ್ತೇ ಇದೆ, ಆನೆ ಓಡಾಟದ ಸಂದೇಶ ನೋಡದೆ, ತೋಟದವರನ್ನು ಕೇಳದೆ ಮುಂಜಾನೆ ಜನರೇಟರ್ ಹಚ್ಚಲೆಂದು ಬಾಗಿಲು ತೆರೆದು ಇಳಿಯುವಂತಿಲ್ಲ.

ಈ ಜನರೇಟರುಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಅರ್ತಿಗೆ ಸೇರಿರುವುದಿಲ್ಲ. ಟೆಸ್ಟರ್ ಎರಡೂ ತೂತಿನಲ್ಲಿ ಉರಿದರೆ ಗಾಬರಿ ಬೇಡ. ಆದರೆ ಹಾಗೇ ಬಿಟ್ಟರೆ ಕ್ಯಾಂಪರಿನ ಆರ್‌ಸಿಸಿಬಿ (ಕರೆಂಟ್ ಸೋರಿದಾಗ ಲೈನ್ ಕಡಿಯುವ ಸ್ವಿಚ್ಚು) ಬೇಕಾದಾಗ ಟ್ರಿಪ್ ಆಗದು. ತಿಳಿದ ಎಲೆಕ್ಟ್ರಿಷಿಯನ್ನಿಂದ ನ್ಯೂಟ್ರಲ್ಲನ್ನು ಅರ್ತಿಗೆ ಸೇರಿಸುವ ಬಾಂಡಿಂಗ್ ಪ್ಲಗ್ ಮಾಡಿಸಿಕೊಂಡಿದ್ದೇನೆ. ಅದು ಜನರೇಟರಿಗೆ ಮಾತ್ರ, ಕ್ಯಾಂಪರನ್ನು ಮನೆಯ ಲೈನಿಗೆ ಚುಚ್ಚುವಾಗ ತೆಗೆದಿಡಬೇಕು. ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಹೋದಾಗ ಕೆಲವರು ಜನರೇಟರನ್ನು ಮನೆಯ ಸಾಕೆಟಿಗೇ ಚುಚ್ಚಿ ಇಡೀ ಮನೆಗೆ ದೀಪ ಹತ್ತಿಸುತ್ತಾರೆ. ಕಂಬದ ಮೇಲೆ ಲೈನ್ ಸರಿಮಾಡುತ್ತಿರುವ ಲೈನ್‌ಮನ್ ಜೀವಕ್ಕೆ ಅದು ಕುತ್ತು. ದಯವಿಟ್ಟು ಬೇಡ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅರ್ಧ ಎಚ್‌ಪಿ ಮಾನೋಬ್ಲಾಕ್ ಪಂಪು ಇದರಲ್ಲಿ ಎದ್ದಿತು, ಒಂದು ಎಚ್‌ಪಿಯದು ಏಳಲೇ ಇಲ್ಲ, ಸ್ಟಾರ್ಟಿಂಗ್ ಕರೆಂಟಿಗೆ ಓವರ್‌ಲೋಡ್. ಕಾಫಿ ಹುರಿಯುವ ಡ್ರಮ್ಮಿನ ಕಾಲು ಎಚ್‌ಪಿ ಮೋಟಾರು ಮೊದಲು ಗುಂಯ್ ಎಂದು ನಿಂತಿತು. ಲೋಡ್ ಕಡಿಮೆಯಿದ್ದಾಗ ಇಂಜಿನ್ ವೇಗ ಇಳಿಸುವ ಇಕೋ ಸ್ವಿಚ್ ಆಫ್ ಮಾಡಿ, ಇಂಜಿನ್ ಪೂರ್ತಿ ವೇಗಕ್ಕೆ ಏರಿದ ಮೇಲೆ ಮೋಟಾರ್ ಹಾಕಿದರೆ ಸಲೀಸು. ಬೆಂಕಿ ಗ್ಯಾಸಿನದು, ತಿರುಗಿಸುವುದಷ್ಟೇ ಜನರೇಟರಿನ ಕೆಲಸ. ನಮ್ಮದೇ ರೋಬಸ್ಟಾ ಮೂರು ಕೆಜಿ ಮಳೆಯಲ್ಲಿ ತೋಟದಲ್ಲೇ ಹುರಿದು ಗೆಳೆಯರಿಗೆ ಹಂಚಿದೆ. ಜನರೇಟರಿನಲ್ಲಿರುವ ಹನ್ನೆರಡು ವೋಲ್ಟಿನ ಡಿಸಿ ತೂತಿನಿಂದ ಬ್ಯಾಟರಿ ತುಂಬಿಸಲು ಹೋದವರಿಗೆ ಹೇಳುತ್ತೇನೆ, ಎಂಟು ಆಂಪಿಯರ್ ಅಷ್ಟೇ, ಅದೂ ಲಿಥಿಯಂಗೆ ಹೊಂದುವಂಥದ್ದಲ್ಲ. ಬಟ್ಟೆ ಒಣಗಿಸಲು ಅದರ ಬಿಸಿಗಾಳಿಯನ್ನೂ ಬಳಸಿದೆವು. ಬಟ್ಟೆ ಒಣಗಿತು, ಹೊಗೆ ವಾಸನೆ ಎರಡು ಒಗೆತಕ್ಕೂ ಹೋಗಲಿಲ್ಲ.

ಶೇಕಡ ಇಪ್ಪತ್ತು ಎಥನಾಲ್ ಬೆರೆತ ಈಗಿನ ಇ20 ಪೆಟ್ರೋಲಿಗೆ ಮಲೆನಾಡಿನ ತೇವ ಆಗಿಬರುವುದಿಲ್ಲ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಎರಡು ವಾರ ಬಿಟ್ಟರೆ ಕಾರ್ಬುರೇಟರಿನ ತಳದ ಫ್ಲೋಟ್ ಬೌಲಿನಲ್ಲಿ ಅಂಟು ಕೂರುತ್ತದೆ. ಕಾರ್ಬುರೇಟರ್ ಕ್ಲೀನಿಂಗಿಗೆ ಪ್ರತಿ ಸಲ ಆರುನೂರು ಏಳುನೂರು ಕೊಟ್ಟು ಸಾಕಾಗಿತ್ತು. ಈಗ ತೋಟ ಬಿಡುವ ದಿನ ಕಾಕ್ ಬಂದ್ ಮಾಡಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಆಮೇಲೆ ಬೌಲಿನ ತಳದ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಬಸಿಯುತ್ತೇನೆ. ಟ್ಯಾಂಕಿನಲ್ಲಿ ಉಳಿದದ್ದು ಹೆಂಡತಿಯ ಸ್ಕೂಟರಿಗೆ ಹೋಗುತ್ತದೆ. ಬಂಕಿನಲ್ಲಿ ಪ್ಲಾಸ್ಟಿಕ್ ಕ್ಯಾನಿಗೆ ಕೊಡುವುದಿಲ್ಲ, ನನ್ನದು ಐದು ಲೀಟರಿನ ಲೋಹದ ಕ್ಯಾನು. ಜೊತೆಗೆ ಒಂದು ಸ್ಪಾರ್ಕ್ ಪ್ಲಗ್, ಅರ್ಧ ಲೀಟರ್ ಆಯಿಲ್, ಸ್ಟಾರ್ಟರ್ ಹಗ್ಗ ಪೆಟ್ಟಿಗೆಯಲ್ಲೇ ಇರುತ್ತವೆ. ಆಯಿಲ್ಲನ್ನು ಐವತ್ತು ಗಂಟೆಗೊಮ್ಮೆ ಬದಲಿಸುತ್ತೇನೆ. ಕಂಪನಿಯವರು ನೂರು ಎಂದರೂ ಈ ಕೆಸರು, ತೇವದಲ್ಲಿ ಅಷ್ಟು ಕಾಯುವುದಿಲ್ಲ.

ಚಿಕ್ಕಪ್ಪನ ಮಗ ಈ ವರ್ಷ ತನ್ನ ಪಿಕಪ್ಪಿಗೂ ಅಂಥದೇ ಪೆಟ್ಟಿಗೆ ಮಾಡಿಸುತ್ತಿದ್ದಾನೆ. ಅಳತೆ ಕೊಟ್ಟಿದ್ದೇನೆ. ಬ್ಯಾಟರಿ ಮಾತ್ರ ಟ್ಯೂಬುಲರ್ರೇ ಇರಲಿ ಎಂದು ಹಟ ಹಿಡಿದಿದ್ದಾನೆ, ಅದನ್ನು ಬಿಡಿಸುವ ಪ್ರಯತ್ನ ನಡೆದಿದೆ.