8 ಗಂಟೆಯ ಕೌದಿ

ಅವ್ವ ತೀರಿಕೊಂಡ ಮೇಲೆ ನನಗೆ ಕಷ್ಟವಾಗಿದ್ದು ರಾತ್ರಿ 8 ಗಂಟೆ. ನಾನು ಹುಬ್ಬಳ್ಳಿಯಲ್ಲಿ, ಅವಳು ಸುಮಾರು 60 ಕಿಲೋಮೀಟರ್ ಆಚೆ ಗದಗದಲ್ಲಿ. ದಿನಾ ಅದೇ ಹೊತ್ತಿಗೆ ಫೋನ್ ಮಾಡಿ "ಉಂಡ್ಯಾ?" ಅಂತ ಕೇಳುತ್ತಿದ್ದಳು. ಉಂಡೆ ಅಂದರೆ ಸಾಕು, ಇಟ್ಟುಬಿಡುವಳು. ಅವಳು ಹೋಗಿ 6 ತಿಂಗಳಾದರೂ ಆ ಹೊತ್ತಿಗೆ ಕೈ ಸುಮ್ನೆ ಫೋನಿನ ಕಡೆ ಹೋಗುತ್ತಿತ್ತು.

ಸೀರೆಗಳನ್ನು ಯಾರಿಗಾದರೂ ಕೊಟ್ಟುಬಿಡು, ಮರೆಯುತ್ತೀಯ ಅಂದವರೇ ಜಾಸ್ತಿ. ಮರೆಯಬೇಕು ಅಂತ ನಾನು ಯಾರಿಗೆ ಹೇಳಿದ್ದೆ? ಅವಳ ಸೀರೆಗಳ ಟ್ರಂಕು ತಂದು, ಅವನ್ನೇ ಪದರವಾಗಿಟ್ಟು ಹೊಲಿಯುವ ಹೊದಿಕೆ, ಕೌದಿ, ಹೊಲಿಯಲು ಕೂತೆ. ಓಣಿಯ ಅಜ್ಜಿಯೊಬ್ಬರು ಕಲಿಸಿದರು.

"ಮೊದ್ಲ ಒಗೀಬೇಕು ತಂಗಿ, ಇಲ್ಲಂದ್ರ ಹುಳ ಹಿಡೀತಾವ" ಅಂದರು. ಒಗೆದರೆ ವಾಸನೆ ಹೋಗುತ್ತದಲ್ವಾ! ಒಂದು ವಾರ ಮುಂದೂಡಿದೆ. ಕೊನೆಗೆ ಒಗೆದೆ. ವಾಸನೆ ಹೋಯಿತು, ಸೆರಗಿನ ಅರಿಶಿಣದ ಕಲೆ ಹೋಗಲಿಲ್ಲ. ಇನ್ನೊಂದು ಸೆರಗಿನ ತುದಿಯಲ್ಲಿ ಗಂಟು ಇತ್ತು. ಮುಟ್ಟಿದರೆ ನಾಣ್ಯ. ಬಿಚ್ಚಲು ಮನಸ್ಸಾಗಲಿಲ್ಲ, ಗಂಟಿನ ಸಮೇತ ಕತ್ತರಿಸಿ ಎತ್ತಿಟ್ಟೆ.

ಅವಳ ಇಷ್ಟದ ಪಾಲಿಸ್ಟರ್ ಸೀರೆಯನ್ನೂ ಸೇರಿಸಲು ಹೋಗಿ ಕೆಟ್ಟೆ. ಅದು ಜಾರುತ್ತದೆ, ಹೊಲಿದಲ್ಲೆಲ್ಲ ಸುಕ್ಕು. ಎರಡು ರಾತ್ರಿಯ ಕೆಲಸ ಬಿಚ್ಚಿ, ಬೆಟಗೇರಿ ಮಗ್ಗದ ನಾಲ್ಕು ನೂಲಿನ ಸೀರೆಗಳನ್ನಷ್ಟೇ ಇಟ್ಟುಕೊಂಡೆ. ಹಳೆಯ ನೂಲು ಮೆತ್ತಗಿರುತ್ತದೆ, ಸೂಜಿ ತಾನೇ ಇಳಿಯುತ್ತದೆ. ನೆಲಕ್ಕೆ ಪದರ ಪದರವಾಗಿ ಹಾಸಿ, ಮೂಲೆಗಳಿಗೆ ಭಾರ ಇಟ್ಟು, ಮೊದಲು ದೂರದೂರ ಕಚ್ಚಾ ಹೊಲಿಗೆ. ಆಮೇಲೆ ಗಟ್ಟಿ ದಾರದಲ್ಲಿ ಅಂಚಿನಿಂದ ಸುತ್ತು ಹಾಕುತ್ತಾ ನಡುವಿಗೆ ಬರಬೇಕು. ಸಾಲಿಗೂ ಸಾಲಿಗೂ ಒಂದು ಬೆರಳಿನಷ್ಟು ಅಂತರ. ನನ್ನ ಮೊದಲ ಸಾಲುಗಳು ಎತ್ತು ಉಚ್ಚೆ ಹೊಯ್ದ ಹಾಗೆ ಸೊಟ್ಟ. ಹಾಗೇ ಬಿಟ್ಟಿದ್ದೇನೆ.

ದಿನಾ 8ರಿಂದ 9. ಅಳು ಬಂದ ದಿನವೂ ಕೂತೆ, ಸೂಜಿ ಚುಚ್ಚಿಕೊಂಡೆ. ನಾಲ್ಕು ತಿಂಗಳು ಹಿಡಿಯಿತು.

ನಡುವೆ ಒಂದು ಅಂಗೈ ಅಗಲ ಉಳಿದಾಗ ಅಜ್ಜಿ ತಡೆದರು. "ಕೌದಿ ಹಸ್ಕೊಂಡಿರಬಾರ್ದವ್ವಾ" ಅನ್ನುತ್ತಾ ಚಿಟಿಕೆ ಜೋಳ ಒಳಗೆ ಹಾಕಿದರು. ನಾನು ಸೆರಗಿನ ಗಂಟು ತಂದು ಜೋಳದ ಪಕ್ಕದಲ್ಲಿಟ್ಟೆ.

"ರೊಕ್ಕಾ ತಿಂತೈತೇನ ಅದು?" ಅಂತ ನಕ್ಕರು. ಆದರೂ ಕೈ ಅಡ್ಡ ತರಲಿಲ್ಲ. ಎರಡನ್ನೂ ಸೇರಿಸಿಯೇ ಹೊಲಿದೆವು.

ಈಗ ರಾತ್ರಿ ಮಗ್ಗುಲು ಬದಲಿಸಿದರೆ ಹೊಟ್ಟೆಯ ಹತ್ತಿರ ಆ ನಾಣ್ಯ ಒತ್ತುತ್ತದೆ.