ಬಾಯಿ ಕ್ಯಾನ್ಸರ್‌ಗೆ ಪೆಟ್ ಸ್ಕ್ಯಾನ್ ಬರ್ಕೊಟ್ರೆ ಹೆಂಗ್ ರೆಡಿ ಆಗೋದು, ರಿಪೋರ್ಟ್ ಹೆಂಗ್ ಓದೋದು

ನಾಲಿಗೆ, ಕೆನ್ನೆ ಒಳಗೆ, ಗಂಟಲು, ಇಲ್ಲೆಲ್ಲಾ ಬರೋ ಕ್ಯಾನ್ಸರ್‌ಗೆ ಡಾಕ್ಟ್ರು ಪೆಟ್ ಸಿಟಿ ಬರ್ಕೊಟ್ರೆ ಮನೆಯವ್ರು ಒಂದು ತಿಳ್ಕೊಂಡಿರಿ, ಈ ಸ್ಕ್ಯಾನ್‌ಗೆ ಕ್ಯಾನ್ಸರ್ ಯಾವ್ದು ಅಂತ ಗೊತ್ತಾಗಲ್ಲ, ಮೈಯಲ್ಲಿ ಸಕ್ಕರೆ ಎಲ್ಲಿ ಜಾಸ್ತಿ ಖರ್ಚಾಗ್ತಿದೆ ಅಂತ ತೋರ್ಸುತ್ತೆ ಅಷ್ಟೇ.

ಮಾಮೂಲಿ ಜೀವಕೋಶ ಆಕ್ಸಿಜನ್ ಇದ್ರೆ ಒಂದು ಗ್ಲೂಕೋಸ್‌ನಿಂದ ಸುಮಾರು 30 ಎಟಿಪಿ (ಕೋಶ ಖರ್ಚು ಮಾಡೋ ಶಕ್ತಿಯ ಅಣು) ತೆಗಿಯುತ್ತೆ. ಕ್ಯಾನ್ಸರ್ ಕೋಶ ಆಕ್ಸಿಜನ್ ಇದ್ರೂ ತುಂಬಾ ಗ್ಲೂಕೋಸನ್ನ ಅರ್ಧಕ್ಕೇ ಬಿಟ್ಟು ಲ್ಯಾಕ್ಟೇಟ್ ಅನ್ನೋ ಪದಾರ್ಥ ಮಾಡ್ಬಿಡುತ್ತೆ, ಆ ದಾರೀಲಿ ಸಿಗೋದು ಬರೀ 2. ಇದನ್ನ 1920ರ ದಶಕದಲ್ಲೇ ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್ಬರ್ಗ್ ಗಮನಿಸಿದ್ರು. ದಂಡ ಅನ್ಸುತ್ತೆ, ಆದ್ರೆ ಅದಕ್ಕೆ ಲಾಭಾನೇ, ಬೇಗ ಬೇಗ ಹೊಸ ಕೋಶ ಕಟ್ಟೋಕೆ ಬೇಕಾದ ಸಾಮಾನು ಸಿಗುತ್ತೆ, ಸುತ್ತಮುತ್ತ ಹುಳಿ ಜಾಸ್ತಿಯಾಗಿ ಅದನ್ನ ಕೊಲ್ಲೋಕೆ ಬರೋ ರೋಗನಿರೋಧಕ ಕೋಶಗಳೂ ಮಂಕಾಗ್ತವೆ. ಹಿಂಗಾಗಿ ಸಕ್ಕರೆ ಎಳ್ಕೊಳ್ಳೋದೂ ಜಾಸ್ತಿ. ಕೈಗೆ ಹಾಕೋ ಎಫ್‌ಡಿಜಿ ಇಂಜೆಕ್ಷನ್ ಗ್ಲೂಕೋಸ್ ವೇಷದ ವಿಕಿರಣ ಔಷಧಿ, ಕೋಶದ ಒಳಗೆ ಹೋಗಿ ಅಲ್ಲೇ ಸಿಕ್ಕಾಕೊಳ್ಳುತ್ತೆ, ಸ್ಕ್ಯಾನ್‌ನಲ್ಲಿ ಹೊಳೆಯುತ್ತೆ.

ಹಿಂದಿನ ದಿನ ಜಾಸ್ತಿ ಓಡಾಟ, ಭಾರ ಎತ್ತೋದು ಬೇಡ. 4ರಿಂದ 6 ಗಂಟೆ ಖಾಲಿ ಹೊಟ್ಟೆ, ನೀರು ಕುಡೀಬಹುದು, ಕಾಫಿ ಬೇಡ. ಶುಗರ್ ಇರೋರು ಇನ್ಸುಲಿನ್, ಮೆಟ್‌ಫಾರ್ಮಿನ್ ಏನ್ ಮಾಡ್ಬೇಕು ಅಂತ ಮೊದ್ಲೇ ಫೋನ್ ಮಾಡಿ ಕೇಳಿ, ನೀವೇ ನಿಲ್ಲಿಸ್ಬೇಡಿ. ರಕ್ತದಲ್ಲಿ ಶುಗರ್ 200 ದಾಟಿದ್ರೆ ಸಾಮಾನ್ಯವಾಗಿ ಇನ್ನೊಂದಿನ ಬನ್ನಿ ಅಂತಾರೆ.

ಇಂಜೆಕ್ಷನ್ ಆದ್ಮೇಲೆ ಸುಮಾರು ಒಂದು ಗಂಟೆ ಕಾಯ್ಬೇಕಲ್ಲ, ತಲೆ ಕುತ್ತಿಗೆ ಕ್ಯಾನ್ಸರ್‌ನೋರಿಗೆ ಅದೇ ಮುಖ್ಯ. ಬಾಯಿ ಮುಚ್ಕೊಂಡು ಸುಮ್ನೆ ಮಲ್ಗಿರ್ಬೇಕು. ಮಾತಾಡಿದ್ರೆ ಗಂಟಲು, ಧ್ವನಿಪೆಟ್ಟಿಗೆಯ ಸ್ನಾಯು ಸಕ್ಕರೆ ತಿಂದು ಹೊಳೆಯುತ್ತೆ, ಅಡಿಕೆನೋ ಚೂಯಿಂಗ್ ಗಮ್ಮೋ ಅಗಿದ್ರೆ ದವಡೆ ಸ್ನಾಯು ಹೊಳೆಯುತ್ತೆ, ಆಮೇಲೆ ಗಡ್ಡೆ ಯಾವ್ದು ಸ್ನಾಯು ಯಾವ್ದು ಅಂತ ಓದೋರು ತಲೆ ಕೆಡಿಸ್ಕೋಬೇಕು. ಫೋನ್ ಜೊತೆಗೆ ಬಂದೋರ ಕೈಗೆ ಕೊಟ್ಬಿಡಿ. ಚಳಿ ಆದ್ರೆ ಕುತ್ತಿಗೆ ಹತ್ರದ ಕಂದು ಕೊಬ್ಬೂ (ಮೈ ಬೆಚ್ಚಗಿಡೋಕೆ ಸಕ್ಕರೆ ಸುಡೋ ಕೊಬ್ಬು) ಹೊಳೆಯುತ್ತೆ, ಕಂಬಳಿ ಕೇಳಿ ತಗೊಳ್ಳಿ.

ರಿಪೋರ್ಟ್‌ನಲ್ಲಿ ಎಸ್‌ಯುವಿ ಮ್ಯಾಕ್ಸ್ ಅಂತ ನಂಬರ್ ಇರುತ್ತೆ, ಆ ಜಾಗ ಎಷ್ಟು ಸಕ್ಕರೆ ಎಳ್ಕೊಂಡಿದೆ ಅನ್ನೋ ಅಳತೆ. ಮಿದುಳು ಹೊಳೆಯೋದು ಮಾಮೂಲಿ, ಔಷಧಿ ಮೂತ್ರದಲ್ಲಿ ಹೋಗೋದ್ರಿಂದ ಮೂತ್ರಕೋಶಾನೂ ಹೊಳೆಯುತ್ತೆ. ಹುಳುಕು ಹಲ್ಲು, ಟಾನ್ಸಿಲ್, ಈಗಷ್ಟೇ ಬಯಾಪ್ಸಿ ಮಾಡಿದ ಜಾಗ, ಟಿಬಿ ಗಂಟು, ಇವೂ ಹೊಳೀತವೆ, ಅದಕ್ಕೇ ನಂಬರ್ ನೋಡಿ ರಾತ್ರಿಯೆಲ್ಲಾ ಗೂಗಲ್ ಮಾಡ್ಕೊಂಡು ಕೂತ್ಕೋಬೇಡಿ. ಬೇರೆ ಬೇರೆ ಸೆಂಟರ್ ನಂಬರ್‌ಗಳನ್ನ ಪಕ್ಕಪಕ್ಕ ಇಟ್ಟು ಹೋಲ್ಸೋದೂ ಸರಿಯಲ್ಲ. ರೇಡಿಯೇಷನ್ ಮುಗಿದ ತಕ್ಷಣ ಸ್ಕ್ಯಾನ್ ಮಾಡ್ಸಿದ್ರೆ ಉರಿಯೂತವೇ ಹೊಳೆಯುತ್ತೆ, ಅದಕ್ಕೇ ಸುಮಾರು 12 ವಾರ ಬಿಟ್ಟು ಬರೆಯೋದು.

ಇನ್ನು "ಸಕ್ಕರೆ ಬಿಡ್ಸಿ, ಕ್ಯಾನ್ಸರ್ ಹಸಿದು ಸಾಯುತ್ತೆ" ಅನ್ನೋ ವಾಟ್ಸಾಪ್ ಮೆಸೇಜು. ಊಟ ಬಿಟ್ರೂ ಲಿವರ್ ಗ್ಲೂಕೋಸ್ ಮಾಡ್ಕೊಡ್ತಾನೇ ಇರುತ್ತೆ, ಸೊರಗೋದು ಪೇಷಂಟೇ. ಮೊದ್ಲೇ ನುಂಗೋಕಾಗ್ದೆ ತೂಕ ಇಳಿದಿರುತ್ತೆ. ತುಪ್ಪ ಹಾಕಿದ ತೆಳು ಗಂಜಿ, ಹಾಲು, ಬೇಯಿಸಿ ಕಿವುಚಿದ ಮೊಟ್ಟೆ, ನುಣ್ಣಗೆ ರುಬ್ಬಿದ ಬೇಳೆ, ಏನ್ ಇಳಿಯುತ್ತೋ ಅದನ್ನ ಸ್ವಲ್ಪ ಸ್ವಲ್ಪ ಕೊಡ್ತಾ ಇರಿ, ವಾರಕ್ಕೊಂದ್ಸಲ ತೂಕ ನೋಡಿ ಬರ್ದಿಡಿ, ಇಳೀತಾನೇ ಇದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೂ ಕಾಯ್ದೆ ಡಾಕ್ಟ್ರಿಗೆ ಹೇಳಿ, ಊಟಕ್ಕೆ ಮೂಗಿನ ಟ್ಯೂಬ್ ಹಾಕ್ಬೇಕಾ ಅಂತ ಅವ್ರು ನೋಡ್ತಾರೆ.